ಗೇರು ತೋಟದ ಮಣ್ಣು, ಮಳೆಗಾಲ ಮತ್ತು ಒಂದು ಫ್ಲೋರಿಸಿಲ್ ಕಾಲಂ: ಎಂಡೋಸಲ್ಫಾನ್ ಪರೀಕ್ಷೆಯ ಪ್ರಕರಣ ಅಧ್ಯಯನ

ಜುಲೈ ತಿಂಗಳು, ಕರಾವಳಿಯ ಒಂದು ಪ್ರಯೋಗಾಲಯ. ಗೇರು ತೋಟದಿಂದ ಬಂದ ಹತ್ತು ಮೇಲ್ಮಣ್ಣಿನ ಮಾದರಿಗಳ ಬ್ಯಾಚು. ಅಳೆಯಬೇಕಾದವು ಮೂರು: ಎಂಡೋಸಲ್ಫಾನ್ ಕೀಟನಾಶಕದ ಎರಡು ಐಸೋಮರ್‌ಗಳಾದ (ಅವೇ ಪರಮಾಣುಗಳು, ಬೇರೆ ಜೋಡಣೆ) ಆಲ್ಫಾ ಎಂಡೋಸಲ್ಫಾನ್, ಬೀಟಾ ಎಂಡೋಸಲ್ಫಾನ್ ಮತ್ತು ಇವೆರಡೂ ಮಣ್ಣಿನಲ್ಲಿ ಉತ್ಕರ್ಷಣಗೊಂಡಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್. ಸಾಕ್ಸ್‌ಲೆಟ್‌ನಲ್ಲಿ (ಮಣ್ಣಿನ ಮೇಲೆ ದ್ರಾವಕವನ್ನು ಮತ್ತೆ ಮತ್ತೆ ಹರಿಸುವ ಉಪಕರಣ) ಸಾರ ತೆಗೆದು, ಫ್ಲೋರಿಸಿಲ್ ಎಂಬ ಹಿಡಿದುಕೊಳ್ಳುವ ಪುಡಿ ತುಂಬಿದ ಕಾಲಂನಲ್ಲಿ ಕ್ಲೀನಪ್ ಮಾಡಿ (ಕಸ ಬೇರ್ಪಡಿಸಿ), ಜಿಸಿ-ಇಸಿಡಿಯಲ್ಲಿ (ಕ್ಲೋರಿನ್ ಸಂಯುಕ್ತಗಳನ್ನು ಸೂಕ್ಷ್ಮವಾಗಿ ಹಿಡಿಯುವ ಡಿಟೆಕ್ಟರ್ ಇರುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಓದಲಾಗಿದೆ. ಬ್ಲ್ಯಾಂಕ್ (ಮಾದರಿ ಇಲ್ಲದೆ ನಡೆಸಿದ ಪರೀಕ್ಷೆ) ಸ್ವಚ್ಛ. ಸರೋಗೇಟ್‌ಗಳಲ್ಲಿ (ನಡುವೆ ನಷ್ಟವಾಯಿತೇ ಎಂದು ತಿಳಿಯಲು ಪ್ರತಿ ಮಾದರಿಗೂ ಮೊದಲೇ ಹಾಕುವ ಸಂಯುಕ್ತಗಳು) ಮರಳಿ ಸಿಕ್ಕಿದ್ದು ಟೆಟ್ರಾಕ್ಲೋರೋ-ಮೆಟಾ-ಕ್ಸೈಲೀನ್ ಶೇ. 86, ಡೆಕಾಕ್ಲೋರೋಬೈಫಿನೈಲ್ ಶೇ. 92. ಮೇಲ್ನೋಟಕ್ಕೆ ವರದಿ ಕಳಿಸಲು ಏನೂ ಅಡ್ಡಿಯಿಲ್ಲದ ಬ್ಯಾಚು. ಆದರೆ ಸ್ಪೈಕ್ ಹಾಕಿದ, ಅಂದರೆ ಮೂರೂ ಸಂಯುಕ್ತಗಳನ್ನು ಗೊತ್ತಿರುವಷ್ಟು ಬೆರೆಸಿದ ಮಣ್ಣಿನ ಸಾಲು ಬೇರೆಯೇ ಹೇಳುತ್ತದೆ: ಆಲ್ಫಾ ಶೇ. 97, ಬೀಟಾ ಶೇ. 18, ಸಲ್ಫೇಟ್ ಶೇ. 61.

ಇಲ್ಲಿ ಬಳಸಿರುವ ಬ್ಯಾಚಿನ ಅಂಕಿಗಳು ವಿಧಾನವನ್ನು ವಿವರಿಸಲು ಕಟ್ಟಿಕೊಂಡ ಮಾದರಿ ಅಂಕಿಗಳು. ಯಾವ ಊರಿನ, ಯಾವ ತೋಟದ ಫಲಿತಾಂಶವೂ ಅಲ್ಲ. ಕಾಲಂನ ಅಳತೆ, ದ್ರಾವಕದ ಪ್ರಮಾಣ, ಫ್ರಾಕ್ಷನ್‌ಗಳ (ಕಾಲಂನಿಂದ ಇಳಿಯುವ ದ್ರವವನ್ನು ಬೇರೆ ಬೇರೆಯಾಗಿ ಹಿಡಿದ ಭಾಗಗಳು) ಹಂಚಿಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) 608 ಮತ್ತು 3620 ವಿಧಾನಗಳಲ್ಲಿ ಇರುವಂತೆಯೇ ಇವೆ. ಕೀಟನಾಶಕ ಉಳಿಕೆ ನೋಡುವವರಿಗೆ ಇವು ಪರಿಚಿತ.

ತಪ್ಪಿದರೆ ಏನಾಗುತ್ತದೆ

ಕಾಸರಗೋಡಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯೂ ಅದೇ ಆಯಿತು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಈ ಕೀಟನಾಶಕ ಸೇರಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಹಾಗಾಗಿ ಇವತ್ತು ಮಣ್ಣಿನಲ್ಲಿ ಎಂಡೋಸಲ್ಫಾನ್ ಸಿಕ್ಕರೆ ಎಷ್ಟಿದೆ ಎಂಬುದರ ಜೊತೆಗೆ ಇದು ಹಳೆಯದೋ ಹೊಸದೋ ಎಂಬ ಪ್ರಶ್ನೆಯೂ ಏಳುತ್ತದೆ. ಹೊಸದು ಎಂದರೆ ಯಾರೋ ನಿಷೇಧಿತ ಔಷಧಿ ಹೊಡೆದಿದ್ದಾರೆ ಎಂದರ್ಥ.

ಇದನ್ನು ಹೇಳುವುದು ಮೂರು ಸಂಯುಕ್ತಗಳ ನಡುವಿನ ಪ್ರಮಾಣ. ಮಾರಾಟಕ್ಕಿದ್ದ ತಾಂತ್ರಿಕ ಎಂಡೋಸಲ್ಫಾನ್‌ನಲ್ಲಿ ಆಲ್ಫಾ ಮತ್ತು ಬೀಟಾ ಹೆಚ್ಚುಕಡಿಮೆ 7:3, ಅಂದರೆ ಅನುಪಾತ 2.3ರ ಆಸುಪಾಸು. ಮಣ್ಣಿಗೆ ಬಿದ್ದ ಮೇಲೆ ಆಲ್ಫಾ ಬೇಗ ಹೋಗುತ್ತದೆ, ಬೀಟಾ ನಿಧಾನ. ತಟಸ್ಥ ಮಣ್ಣಿನಲ್ಲಿ ಅರ್ಧಾಯುಷ್ಯ ಆಲ್ಫಾಕ್ಕೆ 35 ದಿನ, ಬೀಟಾಕ್ಕೆ 150 ದಿನ ಎಂದು ಕೈಪಿಡಿಗಳು ಕೊಡುತ್ತವೆ. ಸಲ್ಫೇಟ್ ಇವೆರಡಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಹಳೆಯ ಉಳಿಕೆಯಲ್ಲಿ ಆಲ್ಫಾ-ಬೀಟಾ ಅನುಪಾತ 1ಕ್ಕಿಂತ ಬಹಳ ಕೆಳಗಿರಬೇಕು, ಸಲ್ಫೇಟ್ ಮೇಲುಗೈ ಪಡೆದಿರಬೇಕು.

ಈಗ ಬ್ಯಾಚಿನ ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಹಾಳೆಯಲ್ಲಿ ಬರೆದದ್ದು ಗ್ರಾಂಗೆ ಆಲ್ಫಾ 0.97, ಬೀಟಾ 0.81, ಸಲ್ಫೇಟ್ 9.8 ನ್ಯಾನೋಗ್ರಾಂ. ಆಲ್ಫಾ-ಬೀಟಾ ಅನುಪಾತ 1.2. ಇದು ತೀರಾ ಹಳೆಯದಲ್ಲ ಎಂದು ಹೇಳುತ್ತದೆ. ಸಲ್ಫೇಟನ್ನು ಆಲ್ಫಾ-ಬೀಟಾ ಮೊತ್ತದಿಂದ ಭಾಗಿಸಿದರೆ 5.5. ಇದು ಬಹಳ ಹಳೆಯದು ಎನ್ನುತ್ತದೆ. ಒಂದೇ ಮಣ್ಣು ಎರಡು ವಯಸ್ಸು ಹೇಳುತ್ತಿದೆ. ಸ್ಪೈಕ್ ಇಲ್ಲದ ಬ್ಯಾಚಿನಲ್ಲೂ ಕಣ್ಣಿಗೆ ಬೀಳಬೇಕಾದ ವಿರೋಧ ಇದು. ಬೀಟಾ ಒಂದೇ ಕಡಿಮೆಯಾದರೆ ಎರಡೂ ಅನುಪಾತಗಳು ಒಟ್ಟಿಗೆ ಏರುತ್ತವೆ. ಮಣ್ಣಿನ ಸಹಜ ರಸಾಯನದಲ್ಲಿ ಹಾಗಾಗುವುದಿಲ್ಲ. ಮೊದಲ ಅನುಪಾತವನ್ನು ಮಾತ್ರ ನೋಡಿ ವರದಿ ಬರೆದಿದ್ದರೆ ಒಬ್ಬ ಬೆಳೆಗಾರನ ಮೇಲೆ ಇಲ್ಲದ ಆರೋಪ ಬರುತ್ತಿತ್ತು.

ಕಾಲಂ ಹೇಗೆ ಕೆಲಸ ಮಾಡಬೇಕಿತ್ತು

ಮಣ್ಣು 20 ಗ್ರಾಂ. ಅದಕ್ಕೆ ಪುಡಿಪುಡಿಯಾಗಿ ಉದುರುವಷ್ಟು ಜಲರಹಿತ ಸೋಡಿಯಂ ಸಲ್ಫೇಟ್ ಬೆರೆಸಿ, ಹೆಕ್ಸೇನ್-ಅಸಿಟೋನ್ 1:1ರಲ್ಲಿ 16 ಗಂಟೆ ಸಾಕ್ಸ್‌ಲೆಟ್. ಸಾರವನ್ನು ಕುಡೆರ್ನಾ-ಡ್ಯಾನಿಶ್ ಉಪಕರಣದಲ್ಲಿ ಇಂಗಿಸಿ ಇಳಿಸಿ, 50 ಮಿ.ಲೀ. ಹೆಕ್ಸೇನ್ ಸೇರಿಸಿ ಮತ್ತೆ ಇಳಿಸಿ, ಅಸಿಟೋನ್ ಪೂರ್ತಿ ಹೋಗುವಂತೆ ನೋಡಿಕೊಂಡು 10 ಮಿ.ಲೀ. ಹೆಕ್ಸೇನ್‌ನಲ್ಲಿ ನಿಲ್ಲಿಸಬೇಕು.

ಗೇರು ಮರದ ಬುಡದ ಮಣ್ಣಿನ ಸಾರ ಕಂದು-ಹಸಿರು. ಕೊಳೆತ ತರಗೆಲೆಯ ಮೇಣ, ಪತ್ರಹರಿತ್ತು, ಕೊಬ್ಬಿನ ಆಮ್ಲ, ಹ್ಯೂಮಿಕ್ ವಸ್ತು ಎಲ್ಲ ಅದರಲ್ಲಿರುತ್ತವೆ. ಹಾಗೇ ಚುಚ್ಚಿದರೆ ಜಿಸಿಯ ಲೈನರ್ (ಮಾದರಿ ಚುಚ್ಚುವಲ್ಲಿನ ಗಾಜಿನ ಕೊಳವೆ) ಹಾಳು, ಇಸಿಡಿಯ ತಳರೇಖೆ ಏರುಪೇರು. ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ನೋಡುವವರಂತೆ ಸಾರವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ತೊಳೆಯುವಂತಿಲ್ಲ. ಎಂಡೋಸಲ್ಫಾನ್‌ನ ಮೂರೂ ರೂಪಗಳು ಅದರಲ್ಲಿ ನಾಶವಾಗುತ್ತವೆ. ಕ್ಷಾರೀಯ ಅಲ್ಯೂಮಿನಾ ಕೂಡ ಬೇಡ, ಕ್ಷಾರ ಸಿಕ್ಕಿದರೆ ಎಂಡೋಸಲ್ಫಾನ್ ಡಯಾಲ್ ಆಗಿ ಒಡೆಯುತ್ತದೆ. ಉಳಿಯುವುದು ಫ್ಲೋರಿಸಿಲ್, ಅಂದರೆ ಮೆಗ್ನೀಸಿಯಂ ಸಿಲಿಕೇಟ್, ಕಣದ ಗಾತ್ರ 60/100 ಮೆಶ್. ತಯಾರಕರು 675 ಡಿಗ್ರಿಯಲ್ಲಿ ಸುಟ್ಟು ಕಳಿಸಿದ ದರ್ಜೆಯದು ಬೇಕು.

22 ಮಿ.ಮೀ. ಒಳವ್ಯಾಸ, 400 ಮಿ.ಮೀ. ಉದ್ದದ, ಟೆಫ್ಲಾನ್ ಸ್ಟಾಪ್‌ಕಾಕ್ ಇರುವ ಗಾಜಿನ ಕಾಲಂ. 20 ಗ್ರಾಂ ಫ್ಲೋರಿಸಿಲ್ ಸುರಿದು, ಕಾಲಂ ಪಕ್ಕಕ್ಕೆ ಮೆಲ್ಲಗೆ ತಟ್ಟಿ ಕೂರಿಸಿದರೆ ಸುಮಾರು 10 ಸೆಂ.ಮೀ. ಎತ್ತರ ನಿಲ್ಲುತ್ತದೆ. ಮೇಲೆ 1ರಿಂದ 2 ಸೆಂ.ಮೀ. ಸೋಡಿಯಂ ಸಲ್ಫೇಟ್. 60 ಮಿ.ಲೀ. ಹೆಕ್ಸೇನ್‌ನಿಂದ ತೊಳೆದು, ದ್ರವದ ಮಟ್ಟ ಸೋಡಿಯಂ ಸಲ್ಫೇಟ್ ಪದರಕ್ಕೆ ತಾಗುವ ಮುನ್ನವೇ ಸ್ಟಾಪ್‌ಕಾಕ್ ಮುಚ್ಚಿ, ಸಾರ ಹಾಕಬೇಕು. ಆಮೇಲೆ ನಿಮಿಷಕ್ಕೆ 5 ಮಿ.ಲೀ. ವೇಗದಲ್ಲಿ ಮೂರು ದ್ರಾವಕಗಳು, ತಲಾ 200 ಮಿ.ಲೀ.: ಹೆಕ್ಸೇನ್‌ನಲ್ಲಿ ಶೇ. 6 ಈಥರ್, ಶೇ. 15 ಈಥರ್, ಶೇ. 50 ಈಥರ್. ಪ್ರತಿಯೊಂದೂ ಬೇರೆ ಫ್ಲಾಸ್ಕಿಗೆ. ಪ್ರತಿಯೊಂದನ್ನೂ ಹೆಕ್ಸೇನ್‌ಗೆ ಬದಲಿಸಿ 2 ಮಿ.ಲೀ.ಗೆ ಇಳಿಸಿದರೆ, ಮಣ್ಣಿನ ಗ್ರಾಂಗೆ 1 ನ್ಯಾನೋಗ್ರಾಂ ಎಂಬುದು ವಯಲ್‌ನಲ್ಲಿ ಮಿ.ಲೀ.ಗೆ 10 ನ್ಯಾನೋಗ್ರಾಂ ಆಗುತ್ತದೆ. ಇಸಿಡಿಗೆ ಅದು ಧಾರಾಳ ಸಾಕು.

ಪ್ರಕರಣದ ಗಂಟು ಇರುವುದು ಯಾವ ಸಂಯುಕ್ತ ಯಾವ ಫ್ಲಾಸ್ಕಿನಲ್ಲಿ ಇಳಿಯುತ್ತದೆ ಎಂಬುದರಲ್ಲಿ. 608ರ ಪಟ್ಟಿಯ ಪ್ರಕಾರ ಡಿಡಿಟಿ, ಡಿಡಿಇ, ಆಲ್ಡ್ರಿನ್, ಲಿಂಡೇನ್, ಪಿಸಿಬಿಗಳು ಮೊದಲ ಫ್ರಾಕ್ಷನ್‌ನಲ್ಲೇ ಮುಗಿಯುತ್ತವೆ. ಆಲ್ಫಾ ಎಂಡೋಸಲ್ಫಾನ್ ಎರಡು ಕಡೆ ಹಂಚಿಹೋಗುತ್ತದೆ: ಮೊದಲನೆಯದರಲ್ಲಿ ಶೇ. 37, ಎರಡನೆಯದರಲ್ಲಿ ಶೇ. 64. ಬೀಟಾ ಎರಡನೆಯದರಲ್ಲಿ ಶೇ. 7, ಮೂರನೆಯದರಲ್ಲಿ ಶೇ. 91. ಸಲ್ಫೇಟ್ ಪೂರ್ತಿಯಾಗಿ ಮೂರನೆಯದರಲ್ಲಿ.

ಹಾಗೇ ಸರೋಗೇಟ್‌ಗಳು ಎಲ್ಲಿ? ಟೆಟ್ರಾಕ್ಲೋರೋ-ಮೆಟಾ-ಕ್ಸೈಲೀನ್ ಆಗಲಿ, ಡೆಕಾಕ್ಲೋರೋಬೈಫಿನೈಲ್ ಆಗಲಿ, ಧ್ರುವೀಯತೆ ಇಲ್ಲದ ಕ್ಲೋರಿನ್ ಸಂಯುಕ್ತಗಳು. ಎರಡೂ ಮೊದಲ ಫ್ರಾಕ್ಷನ್‌ನಲ್ಲೇ ಇಳಿದುಬಿಡುತ್ತವೆ. ಅವು ಸಾರ ತೆಗೆದದ್ದಕ್ಕೆ ಸಾಕ್ಷಿ, ಇಂಗಿಸಿದ್ದಕ್ಕೆ ಸಾಕ್ಷಿ, ಮೊದಲ 200 ಮಿ.ಲೀ.ಗೆ ಸಾಕ್ಷಿ. ಆಮೇಲಿನ 400 ಮಿ.ಲೀ.ಯಲ್ಲಿ ಏನಾಯಿತೆಂದು ಅವಕ್ಕೆ ಗೊತ್ತಿಲ್ಲ. ಸರೋಗೇಟ್ ಮಿತಿಯೊಳಗಿದೆ ಎಂದು ಬೀಟಾ ಮತ್ತು ಸಲ್ಫೇಟನ್ನು ನಂಬುವುದು ಈ ಕೆಲಸದಲ್ಲಿ ಬಹಳ ಸಾಮಾನ್ಯ, ಮತ್ತು ಬಹಳ ಅಪಾಯಕಾರಿ.

ಅನುಮಾನಗಳನ್ನು ಒಂದೊಂದಾಗಿ ಬಿಡಿಸುವುದು

ಮೊದಲು ಜಿಸಿ. ಕೊಳಕು ಲೈನರ್ ಕೆಲವು ಸಂಯುಕ್ತಗಳನ್ನು ಅಲ್ಲೇ ಒಡೆಯುತ್ತದೆ. ಡಿಡಿಟಿ-ಎಂಡ್ರಿನ್ ಒಡೆತದ ಪರೀಕ್ಷೆ ಮಾಡಿದರೆ ಎರಡೂ ಶೇ. 15ರ ಮಿತಿಯೊಳಗಿವೆ. ಬ್ಯಾಚಿನ ಕೊನೆಯಲ್ಲಿ ಚುಚ್ಚಿದ ಸ್ಟ್ಯಾಂಡರ್ಡ್‌ನಲ್ಲಿ ಬೀಟಾ, ಸಲ್ಫೇಟ್ ಎರಡರ ಪೀಕ್ ಎತ್ತರವೂ ಮೊದಲಿನಂತೆಯೇ. ಯಂತ್ರದ್ದು ತಪ್ಪಿಲ್ಲ.

ಸಾರ ತೆಗೆಯುವಾಗ ನಷ್ಟವಾಗಿರಬಹುದೇ? ಆಲ್ಫಾ ಶೇ. 97 ಬಂದಿದೆ. ಒಂದೇ ಸಾಕ್ಸ್‌ಲೆಟ್, ಒಂದೇ ದ್ರಾವಕ. ಆಲ್ಫಾ ಬಂದು ಅದರ ಜೋಡಿ ಐಸೋಮರ್ ಶೇ. 18ಕ್ಕೆ ನಿಲ್ಲುವುದು ನಂಬುವ ಮಾತಲ್ಲ. ಇಂಗಿಸುವಾಗ ಒಣಗಿಹೋಗಿದ್ದರೆ ಮೊದಲು ಬಿದ್ದುಹೋಗುವುದು ಹೆಚ್ಚು ಆವಿಶೀಲವಾದ ಟೆಟ್ರಾಕ್ಲೋರೋ-ಮೆಟಾ-ಕ್ಸೈಲೀನ್, ಅದು ಶೇ. 86 ಇದೆ.

ಮೂರನೆಯದು ಕಾಲಂ. ಇಲ್ಲಿ ಎರಡು ವಿರುದ್ಧ ದಾರಿಗಳಿವೆ. ಕಾಲಂ ಅತಿಯಾಗಿ ಹಿಡಿದುಕೊಂಡರೆ ಬೀಟಾ, ಸಲ್ಫೇಟ್ ಒಳಗೇ ಉಳಿಯುತ್ತವೆ. ಸಡಿಲವಾದರೆ ಬೇಗ ಇಳಿದು ಬೇರೆ ಫ್ಲಾಸ್ಕಿಗೆ ಹೋಗುತ್ತವೆ. ಹಾಳೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ, ಏಕೆಂದರೆ ಲೆಕ್ಕದ ಹಾಳೆ 608ರ ಪಟ್ಟಿಯನ್ನು ನಂಬಿ ಬೀಟಾ ಮತ್ತು ಸಲ್ಫೇಟನ್ನು ಮೂರನೆಯ ಫ್ರಾಕ್ಷನ್‌ನಿಂದ ಮಾತ್ರ ಎತ್ತಿಕೊಳ್ಳುವಂತೆ ಬರೆದದ್ದು. ಎರಡನ್ನೂ ಬೇರ್ಪಡಿಸಲು ಒಂದೇ ಕೆಲಸ ಸಾಕು: ಮೂರೂ ವಯಲ್‌ಗಳಲ್ಲಿ ಮೂರೂ ಸಂಯುಕ್ತಗಳನ್ನು ಓದುವುದು. ಸ್ಪೈಕ್ ಮಣ್ಣಿನ ವಯಲ್‌ಗಳು ಹೀಗೆ ಹೇಳಿದವು:

| ಸಂಯುಕ್ತ | ಫ್ರಾಕ್ಷನ್ 1 | ಫ್ರಾಕ್ಷನ್ 2 | ಫ್ರಾಕ್ಷನ್ 3 | ಒಟ್ಟು |
|---|---|---|---|---|
| ಆಲ್ಫಾ | ಶೇ. 93 | ಶೇ. 4 | 0 | ಶೇ. 97 |
| ಬೀಟಾ | 0 | ಶೇ. 76 | ಶೇ. 18 | ಶೇ. 94 |
| ಸಲ್ಫೇಟ್ | 0 | ಶೇ. 31 | ಶೇ. 61 | ಶೇ. 92 |

ಏನೂ ಕಳೆದುಹೋಗಿಲ್ಲ. ಮೂರೂ ಬೇಗ ಇಳಿದು, ಬಹುಪಾಲೋ ಸ್ವಲ್ಪವೋ ಒಂದು ಫ್ಲಾಸ್ಕ್ ಮುಂಚೆಯೇ ಬಂದಿವೆ. ಆಲ್ಫಾದ ರಿಕವರಿ (ಹಾಕಿದ್ದರಲ್ಲಿ ಮರಳಿ ಸಿಕ್ಕ ಪಾಲು) ಚೆನ್ನಾಗಿ ಕಂಡದ್ದು ಕಾಲಂ ಚೆನ್ನಾಗಿತ್ತು ಎಂದಲ್ಲ. ಹಾಳೆ ಅದನ್ನು ಎರಡು ಫ್ರಾಕ್ಷನ್‌ಗಳಿಂದ ಕೂಡಿಸುತ್ತಿತ್ತು ಎಂದು ಮಾತ್ರ. ಆಲ್ಫಾ ಮೊದಲ ಫ್ರಾಕ್ಷನ್‌ನಲ್ಲಿ ಶೇ. 93 ಬಂದಿದೆ ಎಂಬುದೇ ಮೊದಲ ಎಚ್ಚರಿಕೆಯಾಗಬೇಕಿತ್ತು. ಎರಡು ಫ್ರಾಕ್ಷನ್‌ಗಳ ಗಡಿಯ ಮೇಲೆ ಕೂತಿರುವ ಆಲ್ಫಾ, ಕಾಲಂನ ಹಿಡಿತ ಎತ್ತ ಜಾರಿದರೂ ತಕ್ಷಣ ತೋರಿಸುತ್ತದೆ. ಅದರ ಒಟ್ಟು ಮೊತ್ತಕ್ಕಿಂತ ಅದು ಹಂಚಿಹೋದ ರೀತಿ ಕಾಲಂ ಬಗ್ಗೆ ಹೆಚ್ಚು ಹೇಳುತ್ತದೆ.

ಸಡಿಲವಾಗಲು ಮೂರು ಕಾರಣ ಸಾಧ್ಯ: ಫ್ಲೋರಿಸಿಲ್ ತೇವ ಹಿಡಿದಿರಬಹುದು, ಸಾರದಲ್ಲಿ ನೀರು ಅಥವಾ ಅಸಿಟೋನ್ ಉಳಿದಿರಬಹುದು, ದ್ರಾವಕದಲ್ಲಿ ಈಥರ್ ಹೆಚ್ಚಾಗಿರಬಹುದು. ಇದನ್ನು ಊಹೆಯಿಂದ ತೀರ್ಮಾನಿಸುವ ಬದಲು ಮೂರು ಕಾಲಂಗಳನ್ನು ಪಕ್ಕಪಕ್ಕ ನಿಲ್ಲಿಸುವುದು ಒಳ್ಳೆಯದು. ಒಂದು ದಿನದ ಕೆಲಸ. ಕಾಲಂ ಒಂದರಲ್ಲಿ ಬ್ಯಾಚಿಗೆ ಬಳಸಿದ ಅದೇ ಜಾರಿನ ಫ್ಲೋರಿಸಿಲ್, ಮೇಲೆ ಹೆಕ್ಸೇನ್‌ನಲ್ಲಿರುವ ಶುದ್ಧ ಸ್ಟ್ಯಾಂಡರ್ಡ್. ಎರಡರಲ್ಲಿ ಹಿಂದಿನ ರಾತ್ರಿ 130 ಡಿಗ್ರಿಯಲ್ಲಿ ಮತ್ತೆ ಕಾಯಿಸಿದ ಫ್ಲೋರಿಸಿಲ್, ಮೇಲೆ ಅದೇ ಸ್ಟ್ಯಾಂಡರ್ಡ್. ಮೂರರಲ್ಲಿ ಮತ್ತೆ ಕಾಯಿಸಿದ ಫ್ಲೋರಿಸಿಲ್, ಮೇಲೆ ಸ್ಪೈಕ್ ಹಾಕಿದ ಮಣ್ಣಿನ ಸಾರ. ದ್ರಾವಕ ಮೂರಕ್ಕೂ ಒಂದೇ ಬಾಟಲಿಯದು. ಕಾಲಂ ಒಂದು ಕೆಟ್ಟು ಕಾಲಂ ಎರಡು ಸರಿಯಾದರೆ ತಪ್ಪು ಫ್ಲೋರಿಸಿಲ್‌ನದು. ಮೊದಲ ಎರಡೂ ಸರಿಯಾಗಿ ಕಾಲಂ ಮೂರು ಮಾತ್ರ ಕೆಟ್ಟರೆ ಸಾರದ್ದು. ಮೂರೂ ಕೆಟ್ಟರೆ ದ್ರಾವಕದ್ದು.

ಇಲ್ಲಿ 200 ಮಿ.ಲೀ. ಫ್ರಾಕ್ಷನ್‌ಗಳನ್ನು ಇಡಿಯಾಗಿ ಹಿಡಿಯದೆ 25 ಮಿ.ಲೀ.ಯ ತುಂಡುಗಳಾಗಿ ಹಿಡಿಯಬೇಕು. ಒಂದು ಕಾಲಂಗೆ 24 ತುಂಡು. 1ರಿಂದ 8 ಮೊದಲ ಫ್ರಾಕ್ಷನ್, 9ರಿಂದ 16 ಎರಡನೆಯದು, 17ರಿಂದ 24 ಮೂರನೆಯದು. ಕೆಲಸ ಹೆಚ್ಚು, ಆದರೆ ಯಾವ ಸಂಯುಕ್ತ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಬಾಲ ಎಷ್ಟು ಉದ್ದ ಎಂಬುದು ಇದರಲ್ಲಷ್ಟೇ ಕಾಣುತ್ತದೆ. ಫಲಿತಾಂಶ ಓದುವಾಗ ಒಂದು ಮಾತು ನೆನಪಿರಲಿ: ಮೇಲೆ ದ್ರಾವಕ ಬದಲಿಸಿದ ತಕ್ಷಣ ಕೆಳಗೆ ಬದಲಾಗುವುದಿಲ್ಲ. ಕಾಲಂ ಒಳಗೆ ತುಂಬಿಕೊಂಡ 30 ಮಿ.ಲೀ.ಯಷ್ಟು ಹಳೆಯ ದ್ರಾವಕ ಮೊದಲು ಹೊರಬರಬೇಕು. ಹಾಗಾಗಿ 17ನೆಯ ತುಂಡು ಹೆಸರಿಗೆ ಶೇ. 50 ಈಥರ್ ಆದರೂ ಒಳಗಿರುವುದು ಶೇ. 15ರದ್ದೇ.

ಕಾಲಂ ಒಂದರಲ್ಲಿ ಬೀಟಾ 12ನೆಯ ತುಂಡಿನಿಂದಲೇ ಇಣುಕಿ, 14ರಲ್ಲಿ ಏರಿ, 19ರವರೆಗೆ ಬಾಲ ಎಳೆಯಿತು. ಸಲ್ಫೇಟ್ 15ರಿಂದ ಶುರು. ಕಾಲಂ ಎರಡರಲ್ಲಿ ಆಲ್ಫಾ 7ರಿಂದ 12ರವರೆಗೆ ಹರಡಿ ಶೇ. 38 ಮತ್ತು ಶೇ. 60 ಎಂದು ಹಂಚಿಕೊಂಡಿತು, ಬೀಟಾದ ಶೇ. 90 ಮೂರನೆಯ ಫ್ರಾಕ್ಷನ್‌ನಲ್ಲಿ, ಸಲ್ಫೇಟ್ ಪೂರ್ತಿ 18ರಿಂದ 21ರೊಳಗೆ. ಕಾಲಂ ಮೂರು ಎರಡರ ಹಿಂದೆಯೇ ನಡೆಯಿತು, ಬೀಟಾದ ಶೇ. 11 ಎರಡನೆಯ ಫ್ರಾಕ್ಷನ್‌ಗೆ ಬಂತು, ಅಷ್ಟೆ. ಸಾರದ ಕೊಬ್ಬು ಕಾಲಂನ ಸ್ವಲ್ಪ ಜಾಗ ತಿನ್ನುವುದರಿಂದ ಅಷ್ಟು ಜಾರುವುದು ಸಹಜ. ದ್ರಾವಕ ಸರಿಯಿದೆ, ಸಾರ ಸರಿಯಿದೆ. ತಪ್ಪು ಜಾರಿನಲ್ಲಿತ್ತು.

ಜಾರಿನಲ್ಲಿ ಏನಾಗಿತ್ತು

ಫ್ಲೋರಿಸಿಲ್ ಹಿಡಿದುಕೊಳ್ಳುವುದು ತನ್ನ ಮೇಲ್ಮೈಯ ಸಕ್ರಿಯ ತಾಣಗಳಿಂದ. ಎಂಡೋಸಲ್ಫಾನ್ ಅಣು ತನ್ನ ಸಲ್ಫೈಟ್ ಗುಂಪಿನ ಆಮ್ಲಜನಕದ ಮೂಲಕ ಅಲ್ಲಿ ಅಂಟುತ್ತದೆ. ಬೀಟಾ ಆಲ್ಫಾಕ್ಕಿಂತ ಹೆಚ್ಚು ಧ್ರುವೀಯ. ಗಂಧಕದ ಮೇಲೆ ಇನ್ನೊಂದು ಆಮ್ಲಜನಕ ಹೊತ್ತ ಸಲ್ಫೇಟ್ ಇನ್ನೂ ಹೆಚ್ಚು. ನೀರು ಇವೆಲ್ಲಕ್ಕಿಂತ ಗಟ್ಟಿಯಾಗಿ ಅಂಟುತ್ತದೆ. ಗಾಳಿಯ ತೇವ ಮೊದಲೇ ತಾಣಗಳನ್ನು ಹಿಡಿದುಬಿಟ್ಟರೆ ಎಂಡೋಸಲ್ಫಾನ್‌ಗೆ ನಿಲ್ಲಲು ನೆಲೆಯಿಲ್ಲ, ಕಡಿಮೆ ಈಥರ್‌ನಲ್ಲೇ ಇಳಿದು ಬರುತ್ತದೆ. ಡಿಡಿಟಿ, ಪಿಸಿಬಿ, ಸರೋಗೇಟ್‌ಗಳಿಗೆ ಆ ತಾಣಗಳೇ ಬೇಕಿಲ್ಲವಾದ್ದರಿಂದ ಅವುಗಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಜಾರಿನಿಂದ 5 ಗ್ರಾಂ ತೂಗಿ, 130 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ತಣಿಸಿ, ಮತ್ತೆ ತೂಗಿದಾಗ ಶೇ. 2.6 ತೂಕ ಇಳಿಯಿತು. ಅಷ್ಟು ನೀರು ಸಾಕು.

ಹೇಗೆ ಬಂತು? ವಿಧಾನ ಹೇಳುವುದು: ಬಳಸುವ ಮೊದಲು ಗಾಜಿನ ಪಾತ್ರೆಯಲ್ಲಿ, ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಮುಚ್ಚಿ, 130 ಡಿಗ್ರಿಯಲ್ಲಿ ಕನಿಷ್ಠ 16 ಗಂಟೆ. ಹಾಳೆ ಸಡಿಲ ಇರಬೇಕಾದ್ದು ಆವಿ ಹೊರಗೆ ಹೋಗಲೆಂದು. ಓವನ್‌ನಿಂದ ತೆಗೆದ ಜಾರನ್ನು ಅದೇ ಸಡಿಲ ಹಾಳೆಯೊಂದಿಗೆ ಡೆಸಿಕೇಟರ್‌ನಲ್ಲಿಟ್ಟರೆ, ಓವನ್‌ನಲ್ಲಿ ನೀರು ಹೊರಟ ದಾರಿಯಲ್ಲೇ ಇಲ್ಲಿ ಒಳಗೆ ಬರುತ್ತದೆ. ಜಾರು ನಾಲ್ಕು ದಿನ ಹಾಗೇ ಇತ್ತು. ಡೆಸಿಕೇಟರ್‌ನ ಮುಚ್ಚಳ ದಿನಕ್ಕೆ ಹಲವು ಸಲ ತೆರೆಯುತ್ತಿತ್ತು. ತಳದ ನೀಲಿ ಸಿಲಿಕಾ ಜೆಲ್ ಮಣಿಗಳು ಅಂಚಿನಲ್ಲಿ ಮಾತ್ರ ನೀಲಿಯಾಗಿ, ನಡುವೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಹೊರಗೆ ಬಿಡದೆ ಮಳೆ. ಗುಲಾಬಿ ಮಣಿಯ ಡೆಸಿಕೇಟರ್ ಫ್ಲೋರಿಸಿಲ್ ಅನ್ನು ಕಾಪಾಡುವುದಿಲ್ಲ. ಅಲ್ಲಿ ತೇವ ಹೀರಲು ಉಳಿದಿರುವ ಒಣ ವಸ್ತುವೆಂದರೆ ಫ್ಲೋರಿಸಿಲ್ ಒಂದೇ.

ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಎಲ್ಲವೂ ಸರಿಯಾಗೇ ಕಂಡದ್ದು ಯಾಕೆ ಎಂಬುದನ್ನು ಬಿಡಿಸಿ ಹೇಳಬೇಕು. ಆ ಲಾಟಿನ (ಒಂದೇ ಸಲ ತಯಾರಾದ ಫ್ಲೋರಿಸಿಲ್) ಲಾರಿಕ್ ಆಮ್ಲದ ಮೌಲ್ಯ, ಅಂದರೆ ಒಂದು ಗ್ರಾಂ ಪುಡಿ ಎಷ್ಟು ಮಿ.ಗ್ರಾಂ ಲಾರಿಕ್ ಆಮ್ಲ ಹಿಡಿದುಕೊಳ್ಳುತ್ತದೆ ಎಂಬುದು, ದಾಖಲಾಗಿತ್ತು: 108.9. ಈ ಪರೀಕ್ಷೆಯಲ್ಲಿ 2.000 ಗ್ರಾಂ ಫ್ಲೋರಿಸಿಲ್‌ಗೆ, ಮಿ.ಲೀ.ಗೆ 20 ಮಿ.ಗ್ರಾಂ ಲಾರಿಕ್ ಆಮ್ಲವಿರುವ ಹೆಕ್ಸೇನ್ 20.0 ಮಿ.ಲೀ. ಹಾಕಿ, 15 ನಿಮಿಷ ಆಗಾಗ ಅಲುಗಿಸಿ, ತಿಳಿಯಾದ ದ್ರವದ 10.0 ಮಿ.ಲೀ.ಯನ್ನು 60 ಮಿ.ಲೀ. ತಟಸ್ಥಗೊಳಿಸಿದ ಎಥನಾಲ್‌ಗೆ ಸೇರಿಸಿ, ಫಿನಾಲ್ಫ್‌ಥಲೀನ್ ಇಟ್ಟು 0.05 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಟೈಟ್ರೇಟ್ ಮಾಡುತ್ತಾರೆ. ಒಂದು ಮಿ.ಲೀ. ಕ್ಷಾರ 10.016 ಮಿ.ಗ್ರಾಂ ಲಾರಿಕ್ ಆಮ್ಲಕ್ಕೆ ಸಮ. 9.1 ಮಿ.ಲೀ. ಖರ್ಚಾದರೆ ಉಳಿದ ಆಮ್ಲ 91.1 ಮಿ.ಗ್ರಾಂ, 200ರಿಂದ ಕಳೆದರೆ 108.9. ಕಾಲಂಗೆ ಬೇಕಾದ ತೂಕ 110ನ್ನು ಈ ಮೌಲ್ಯದಿಂದ ಭಾಗಿಸಿ 20ರಿಂದ ಗುಣಿಸಿದಷ್ಟು, ಅಂದರೆ 20.2 ಗ್ರಾಂ. ಲೆಕ್ಕ ನಿರ್ದುಷ್ಟ. ಆದರೆ ಈ ಪರೀಕ್ಷೆ ಶುರುವಾಗುವುದೇ ಆ 2 ಗ್ರಾಂ ಫ್ಲೋರಿಸಿಲ್ ಅನ್ನು 130 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸುವುದರಿಂದ. ಅದು ಅಳೆಯುವುದು ಲಾಟಿನ ಸಾಮರ್ಥ್ಯವನ್ನು, ಇವತ್ತು ಜಾರಿನಲ್ಲಿರುವ ಪುಡಿಯ ಸ್ಥಿತಿಯನ್ನಲ್ಲ. ಜಾರಿನ ಸ್ಥಿತಿ ತಿಳಿಯಬೇಕಾದರೆ ಒಣಗಿಸದೆಯೇ ಇನ್ನೊಂದು ಟೈಟ್ರೇಶನ್ ಮಾಡಿ ಎರಡು ಅಂಕಿಗಳ ಅಂತರ ನೋಡಬೇಕು, ಇಲ್ಲವೇ ತೂಕ ಇಳಿಸಿ ನೋಡಬೇಕು.

ಕಣ್ಣಿಗೂ ಒಂದು ಸೂಚನೆ ಇತ್ತು. ಒಳ್ಳೆಯ ಕಾಲಂನಲ್ಲಿ ಹಳದಿ ಕ್ಯಾರೋಟಿನ್ ಮೊದಲ ಫ್ರಾಕ್ಷನ್‌ನೊಂದಿಗೆ ಇಳಿದುಹೋಗುತ್ತದೆ, ಹಸಿರು ಮಾತ್ರ ಸೋಡಿಯಂ ಸಲ್ಫೇಟ್ ಕೆಳಗಿನ ಒಂದೆರಡು ಸೆಂ.ಮೀ.ಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಶೇ. 15 ಈಥರ್ ಮುಗಿಯುವ ಹೊತ್ತಿಗೆ ಹಸಿರು ಪಟ್ಟಿ ಅಂಚು ಒಡೆದು ಅರ್ಧ ಕಾಲಂವರೆಗೆ ಜಾರಿದ್ದರೆ ಅಲ್ಲಿಗೇ ನಿಲ್ಲಿಸಿ ಯೋಚಿಸಬೇಕು. ಫ್ರಾಕ್ಷನ್ ಬದಲಿಸುವಾಗಲೆಲ್ಲ ಪಟ್ಟಿಯ ಕೆಳ ಅಂಚು ಎಷ್ಟು ಸೆಂ.ಮೀ.ಯಲ್ಲಿದೆ ಎಂದು ಬರೆದಿಡಲು ಅರ್ಧ ನಿಮಿಷ ಸಾಕು.

ಈ ಬ್ಯಾಚಿನ ಗತಿ

ಮಣ್ಣು ಉಳಿದಿದ್ದರೆ ಮತ್ತೆ ಮಾಡುವುದೇ ಸರಿ. ಉಳಿದಿಲ್ಲದಿದ್ದರೂ ಈ ಪ್ರಕರಣದಲ್ಲಿ ದಾರಿ ಇತ್ತು, ಏಕೆಂದರೆ ಎರಡನೆಯ ಫ್ರಾಕ್ಷನ್‌ನ ವಯಲ್‌ಗಳನ್ನು ಎಸೆದಿರಲಿಲ್ಲ. ಹತ್ತೂ ಮಾದರಿಗಳ ಮೂರೂ ಫ್ರಾಕ್ಷನ್‌ಗಳಲ್ಲಿ ಮೂರೂ ಸಂಯುಕ್ತಗಳನ್ನು ಓದಿ ಕೂಡಿಸಿದಾಗ, ಮೇಲೆ ಹೇಳಿದ ಮಾದರಿ ಆಲ್ಫಾ 0.97, ಬೀಟಾ 4.2, ಸಲ್ಫೇಟ್ 14.7 ಆಯಿತು. ಆಲ್ಫಾ-ಬೀಟಾ ಅನುಪಾತ 0.23, ಸಲ್ಫೇಟ್ ಅನುಪಾತ 2.8. ಎರಡೂ ಈಗ ಒಂದೇ ಮಾತು ಹೇಳುತ್ತವೆ: ಹಳೆಯ ಉಳಿಕೆ.

ಆದರೆ ಬರೀ ಕೂಡಿಸಿ ಬಿಡುವಂತಿಲ್ಲ. ಫ್ರಾಕ್ಷನ್‌ಗಳಾಗಿ ಬೇರ್ಪಡಿಸುವುದರ ಉದ್ದೇಶವೇ ಜಿಸಿಯಲ್ಲಿ ಅಕ್ಕಪಕ್ಕ ಬರುವವನ್ನು ದೂರ ಮಾಡುವುದು. ಜಿಸಿಯ ಶೇ. 5 ಫಿನೈಲ್ ಕ್ಯಾಪಿಲರಿಯಲ್ಲಿ (ಸಂಯುಕ್ತಗಳನ್ನು ಬೇರ್ಪಡಿಸುವ ಸಣ್ಣ ಕೊಳವೆ) ಆಲ್ಫಾ ಎಂಡೋಸಲ್ಫಾನ್ ಇನ್ನೊಂದು ಕೀಟನಾಶಕವಾದ ಸಿಸ್-ಕ್ಲೋರ್ಡೇನ್‌ಗೆ ಒತ್ತಿಕೊಂಡು ಬರುತ್ತದೆ. ಕ್ಲೋರ್ಡೇನ್ ಮೊದಲ ಫ್ರಾಕ್ಷನ್‌ನದು. ಈಗ ಆಲ್ಫಾ ಕೂಡ ಬಹುತೇಕ ಅಲ್ಲಿಗೇ ಬಂದಿದೆ. ಆಲ್ಫಾ ಪೀಕ್ ನಿಜವಾಗಿ ಆಲ್ಫಾದ್ದೇ ಎಂದು ಬೇರೆ ಸ್ವಭಾವದ ಎರಡನೆಯ ಕ್ಯಾಪಿಲರಿಯಲ್ಲಿ ಅಥವಾ ಜಿಸಿ-ಎಂಎಸ್‌ನಲ್ಲಿ (ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಜಿಸಿ) ಖಚಿತಪಡಿಸಿಕೊಳ್ಳಬೇಕು. ಎಲೆಕ್ಟ್ರಾನ್ ಅಯಾನೀಕರಣದಲ್ಲಿ ಆಲ್ಫಾ, ಬೀಟಾಕ್ಕೆ 195 ಮತ್ತು 241, ಸಲ್ಫೇಟ್‌ಗೆ 272 ಅಯಾನುಗಳನ್ನು ಹಿಡಿಯಬಹುದು. ಮಟ್ಟ ತೀರಾ ಕಡಿಮೆಯಿದ್ದರೆ ಋಣ ರಾಸಾಯನಿಕ ಅಯಾನೀಕರಣ ಹೆಚ್ಚು ಸೂಕ್ಷ್ಮ. ಅಲ್ಲಿ 406 ಮತ್ತು 386. ಅದೇ ರೀತಿ ಸಲ್ಫೇಟ್‌ನ ಪಕ್ಕದಲ್ಲಿ ಡಿಡಿಟಿ ಬರುತ್ತದೆ, ಆದರೆ ಡಿಡಿಟಿ ಮೊದಲ ಫ್ರಾಕ್ಷನ್‌ನಲ್ಲೇ ಉಳಿದಿರುವುದರಿಂದ ಇಲ್ಲಿ ತೊಂದರೆಯಿಲ್ಲ.

ಮುಂದಿನ ಬ್ಯಾಚಿಗೆ ಬದಲಿಸಿದ್ದು

ಲೆಕ್ಕದ ಹಾಳೆಯಲ್ಲಿ ಯಾವ ಸಂಯುಕ್ತವನ್ನೂ ಒಂದೇ ಫ್ರಾಕ್ಷನ್‌ಗೆ ಕಟ್ಟಿಹಾಕಬಾರದು. ಮೂರರಲ್ಲೂ ಓದಿ, ಒಟ್ಟಿನ ಜೊತೆಗೆ ಹಂಚಿಕೆಯನ್ನೂ ಬರೆಯಬೇಕು. ಆಲ್ಫಾದ ಹಂಚಿಕೆಗೆ ಪ್ರಯೋಗಾಲಯ ತನ್ನದೇ ನಿಯಂತ್ರಣ ಪಟ ಇಟ್ಟುಕೊಳ್ಳಬೇಕು. ಮೊದಲ ಫ್ರಾಕ್ಷನ್‌ನ ಪಾಲು ಮೂರು ಬ್ಯಾಚುಗಳಲ್ಲಿ ಸತತವಾಗಿ ಏರಿದರೆ ಮಿತಿ ದಾಟುವವರೆಗೆ ಕಾಯದೆ ಜಾರು ಪರೀಕ್ಷಿಸಬೇಕು. ಪ್ರತಿ ಬ್ಯಾಚಿನ ಮೊದಲ ಕಾಲಂ ಸ್ಟ್ಯಾಂಡರ್ಡ್‌ಗೆ ಮೀಸಲು, ಮತ್ತು ಸ್ಪೈಕ್‌ನಲ್ಲಿ ಬೀಟಾ, ಸಲ್ಫೇಟ್ ಎರಡೂ ಇರಲೇಬೇಕು. 20 ಗ್ರಾಂ ಮಣ್ಣಿಗೆ ತಲಾ 400 ನ್ಯಾನೋಗ್ರಾಂ ಸಾಕು. ಕಾರ್ಬನ್-13 ಗುರುತಿನ ಎಂಡೋಸಲ್ಫಾನ್ ಸಲ್ಫೇಟ್ ಹಾಕುವುದು ಇನ್ನೂ ಚೆನ್ನ, ಪ್ರತಿ ಮಾದರಿಯ ಮೂರನೆಯ ಫ್ರಾಕ್ಷನ್‌ಗೂ ಆಗ ಸಾಕ್ಷಿ ಸಿಗುತ್ತದೆ. ಆದರೆ ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಇಸಿಡಿಗೆ ಗುರುತು ಹಾಕಿದ ಅಣುವೂ ಹಾಕದ್ದೂ ಒಂದೇ.

ಫ್ಲೋರಿಸಿಲ್ ಅನ್ನು ಆಳದ ಬೀಕರ್‌ನಲ್ಲಿ ತುಂಬದೆ ಅಗಲ ಬಟ್ಟಲಲ್ಲಿ ತೆಳುವಾಗಿ ಹರಡಿ ಕಾಯಿಸಬೇಕು. ತೆಗೆದ ತಕ್ಷಣ ಗಾಜಿನ ಬಿರಡೆಯ ಸಣ್ಣ ಬಾಟಲಿಗಳಿಗೆ, ಒಂದು ಕಾಲಂಗೆ ಒಂದು ಬಾಟಲಿಯಂತೆ ಹಂಚಿದರೆ ಪ್ರತಿ ಸಲ ದೊಡ್ಡ ಜಾರು ತೆರೆಯುವ ಪ್ರಮೇಯ ಬರುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ ಕರೆಂಟಿನದು. ರಾತ್ರಿ ಕರೆಂಟು ಹೋಗಿ ಓವನ್ ತಣಿದು, ಬೆಳಗಿನ ಜಾವ ಮತ್ತೆ ಬಂದಿದ್ದರೆ ಒಂಬತ್ತು ಗಂಟೆಗೆ ಡಿಸ್‌ಪ್ಲೇ 130 ಎಂದೇ ತೋರಿಸುತ್ತದೆ. ಓವನ್ ಒಳಗೆ ತಾಪಮಾನ ದಾಖಲಿಸುವ ಲಾಗರ್ ಇಡುವುದು ಇದಕ್ಕೆ ಪರಿಹಾರ. ಸೋಡಿಯಂ ಸಲ್ಫೇಟ್ ಅನ್ನು 400 ಡಿಗ್ರಿಯಲ್ಲಿ ನಾಲ್ಕು ಗಂಟೆ ಕಾಯಿಸಬೇಕು. ಜಾರಿನಲ್ಲಿ ಗಂಟುಗಟ್ಟಿದ್ದರೆ ಮತ್ತೆ ಕಾಯಿಸದೆ ಮುಟ್ಟಬಾರದು.

ಈಥರ್ ಬಗ್ಗೆ ಇಷ್ಟು. ಒಂದು ಕಾಲಂಗೆ 12, 30, 100 ಸೇರಿ 142 ಮಿ.ಲೀ. ಈಥರ್ ಬೇಕು. 608 ಕೇಳುವುದು ಪೆರಾಕ್ಸೈಡ್ ಇಲ್ಲದ, ಶೇ. 2 ಎಥನಾಲ್ ಇರುವ ಈಥರ್. ಎಥನಾಲ್ ಫ್ಲೋರಿಸಿಲ್ ಮೇಲೆ ಬಲವಾಗಿ ಅಂಟುವ ವಸ್ತುವಾದ್ದರಿಂದ ಅದು ಕಾಪುಪದಾರ್ಥ ಮಾತ್ರವಲ್ಲ, ಇಳಿಸುವ ಶಕ್ತಿಯ ಭಾಗವೂ ಹೌದು. ಎಥನಾಲ್ ಬದಲು ಬಿಎಚ್‌ಟಿ ಎಂಬ ಇನ್ನೊಂದು ಕಾಪುಪದಾರ್ಥ ಹಾಕಿದ ಈಥರ್ ಕೊಂಡರೆ ಕಾಲಂನ ವರ್ತನೆ ಬದಲಾಗುತ್ತದೆ, ಈ ಸಲ ವಿರುದ್ಧ ದಿಕ್ಕಿಗೆ: ಸಲ್ಫೇಟ್ ತಡವಾಗಿ ಇಳಿದು ಬಾಲ ಮೂರನೆಯ ಫ್ರಾಕ್ಷನ್ ಮುಗಿದ ಮೇಲೂ ಉಳಿಯಬಹುದು. ಅದು ಆಗಿದೆಯೇ ಎಂದು ತಿಳಿಯಲು ಶೇ. 50ರ ಇನ್ನೊಂದು 50 ಮಿ.ಲೀ. ಬಿಟ್ಟು ಓದಿದರೆ ಸಾಕು. ಶೇ. 6ರ ಮಿಶ್ರಣದಲ್ಲಿ 5 ಮಿ.ಲೀ. ಈಥರ್ ಹೆಚ್ಚು ಬಿದ್ದರೂ 200ರಲ್ಲಿ ಅದು ಶೇ. 8.5 ಆಗುತ್ತದೆ, ಆಲ್ಫಾ ಮೊದಲ ಫ್ಲಾಸ್ಕಿಗೆ ಸರಿಯುತ್ತದೆ. ಬೆರೆಸಿಟ್ಟ ಬಾಟಲಿಯಿಂದ ಈಥರ್ ಆವಿಯಾದರೆ ಉಲ್ಟಾ. ಆದ್ದರಿಂದ ಅಂದಂದಿನ ಮಿಶ್ರಣ ಅಂದೇ. ಈಥರ್ 34.6 ಡಿಗ್ರಿಗೆ ಕುದಿಯುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಶೇ. 50ರ ದ್ರಾವಕ ಫ್ಲೋರಿಸಿಲ್‌ಗೆ ತಾಗಿದಾಗ ಹುಟ್ಟುವ ಬಿಸಿಗೇ ಗುಳ್ಳೆಯೆದ್ದು ಕಾಲಂ ಸೀಳುತ್ತದೆ. ಸೀಳಿನಲ್ಲಿ ದ್ರಾವಕ ಓಡಿಹೋಗುತ್ತದೆ, ಅಕ್ಕಪಕ್ಕದ ಪುಡಿಯನ್ನು ಮುಟ್ಟುವುದೇ ಇಲ್ಲ. ಸೀಳಿದ ಕಾಲಂನ ಫಲಿತಾಂಶ ಬಳಸಬಾರದು.

ಇಷ್ಟೆಲ್ಲ ತಾಪತ್ರಯ ಯಾಕೆ, 1 ಗ್ರಾಂ ಫ್ಲೋರಿಸಿಲ್ ಕಾರ್ಟ್ರಿಜ್ ಸಾಲದೇ ಎಂದು ಕೇಳುವವರಿದ್ದಾರೆ. ಹೆಕ್ಸೇನ್-ಅಸಿಟೋನ್ 9:1ರ 9 ಮಿ.ಲೀ.ಯಲ್ಲಿ ಎಲ್ಲವೂ ಒಂದೇ ಫ್ರಾಕ್ಷನ್ ಆಗಿ ಇಳಿಯುತ್ತವೆ, ಫ್ಲಾಸ್ಕ್ ತಪ್ಪುವ ಪ್ರಶ್ನೆಯೇ ಇಲ್ಲ. ನೀರಿನ ಮಾದರಿಗೆ, ಮರಳು ಮಣ್ಣಿಗೆ ಅದೇ ಒಳ್ಳೆಯದು ಎಂದು ನಾವೂ ಹೇಳುತ್ತೇವೆ. ಪ್ರತಿ ಲಾಟನ್ನು ಕೀಟನಾಶಕ ಸ್ಟ್ಯಾಂಡರ್ಡ್ ಜೊತೆಗೆ 2,4,5-ಟ್ರೈಕ್ಲೋರೋಫಿನಾಲ್ ಹಾಕಿ ಪರೀಕ್ಷಿಸಬೇಕು, ಕೀಟನಾಶಕ ಶೇ. 80ರಿಂದ 120 ಬರಬೇಕು, ಫಿನಾಲ್ ಶೇ. 5ಕ್ಕಿಂತ ಕಡಿಮೆ. ಫಿನಾಲ್ ಹೆಚ್ಚು ಬಂದರೆ ಕಾರ್ಟ್ರಿಜ್ ಸತ್ವ ಕಳೆದುಕೊಂಡಿದೆ. ಆದರೆ ತರಗೆಲೆ ಕೊಳೆತ ತೋಟದ ಮಣ್ಣಿನ ಸಾರಕ್ಕೆ ಒಂದು ಗ್ರಾಂ ಫ್ಲೋರಿಸಿಲ್ ಬೇಗ ತುಂಬಿಹೋಗುತ್ತದೆ. ಅಂಥ ಮಣ್ಣಿಗೆ ಇನ್ನೊಂದು ದಾರಿ, ಫ್ಲೋರಿಸಿಲ್‌ಗೆ ತೂಗಿದ ನೀರನ್ನು ಬೇಕೆಂದೇ ಸೇರಿಸಿ, ಅಲುಗಿಸಿ, ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಸಮವಾಗಲು ಬಿಡುವುದು. ಗಾಳಿಯಿಂದ ಸ್ವಲ್ಪ ತೇವ ಹಿಡಿದರೂ ಆಗ ಅದರ ನಡತೆ ಅಷ್ಟಾಗಿ ಬದಲಾಗದು. ಕರಾವಳಿಯಲ್ಲಿ ಎಂಡೋಸಲ್ಫಾನ್ ಮೂರನ್ನೇ ನೋಡುವ ಪ್ರಯೋಗಾಲಯಕ್ಕೆ ಇದು ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆದರೆ 608ರ ಪಟ್ಟಿ ಅದಕ್ಕೆ ಅನ್ವಯಿಸುವುದಿಲ್ಲ, 25 ಮಿ.ಲೀ. ತುಂಡುಗಳ ಪ್ರಯೋಗ ಮಾಡಿ ತಮ್ಮದೇ ಪಟ್ಟಿ ಬರೆದುಕೊಳ್ಳಬೇಕು.

ವರದಿಯಲ್ಲಿ ಕಾಣಬೇಕಾದ್ದು: ಮೂರೂ ಸಂಯುಕ್ತಗಳ ಪ್ರತ್ಯೇಕ ಅಂಕಿ, ಬ್ಯಾಚಿನ ಸ್ಪೈಕ್‌ನಲ್ಲಿ ಆಯಾ ಸಂಯುಕ್ತದ ರಿಕವರಿ, ಖಚಿತಪಡಿಸಿದ ವಿಧಾನ. ‘ಒಟ್ಟು ಎಂಡೋಸಲ್ಫಾನ್’ ಎಂಬ ಒಂದೇ ಸಾಲು ಕೊಟ್ಟರೆ ಹಳೆಯದೋ ಹೊಸದೋ ಎಂದು ಓದುವವರು ಲೆಕ್ಕ ಹಾಕುವಂತಿಲ್ಲ. ವರದಿ ಹೋದ ಮೇಲೂ ಮೂರೂ ಫ್ರಾಕ್ಷನ್‌ಗಳ ವಯಲ್‌ಗಳನ್ನು ಮುಚ್ಚಳ ಬದಲಿಸಿ, ದ್ರವದ ಮಟ್ಟಕ್ಕೆ ಗುರುತು ಹಾಕಿ, ಫಲಿತಾಂಶದ ಬಗ್ಗೆ ತಕರಾರಿನ ಅವಧಿ ಮುಗಿಯುವವರೆಗೆ ಫ್ರೀಜರ್‌ನಲ್ಲಿ ಇಡಬೇಕು.